ಆಕಾಶದಲ್ಲಿ ಒಂದು ಗಂಟೆ, ನೆಲದ ಮೇಲೆ ನಾಲ್ಕು!

"ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಮಾರಾಯ್ರೇ, ರಾತ್ರಿಯಿಡೀ ಬಸ್ಸಲ್ಲಿ ಕೂತು ಸೊಂಟ ಯಾಕೆ ಮುರ್ಕೊಳ್ತೀರಿ?"

ಮಂಗಳೂರು ಹಂಪನಕಟ್ಟೆಯ ಜವಳಿ ವ್ಯಾಪಾರಿಯೊಬ್ಬರಿಗೆ ಪಕ್ಕದಂಗಡಿಯವರು ಹಾಕಿದ ಪ್ರಶ್ನೆ ಇದು. ತಿಂಗಳಿಗೊಮ್ಮೆ ಸರಕಿಗೆಂದು ಚಿಕ್ಕಪೇಟೆಗೆ ಹೋಗುವ ಅವರು ನಕ್ಕು ಸುಮ್ಮನಾದರು. ನಾವು ಸುಮ್ಮನಿರಲಿಲ್ಲ, ಪೆನ್ಸಿಲ್ ಹಿಡಿದು ಲೆಕ್ಕಕ್ಕೆ ಕೂತೆವು.

ಬಜ್ಪೆಯಿಂದ ದೇವನಹಳ್ಳಿಗೆ ಹಗ್ಗ ಹಿಡಿದು ಅಳೆದಂತೆ ನೇರ ದೂರ ಸುಮಾರು ೩೦೫ ಕಿ.ಮೀ. ಶಿರಾಡಿ, ಹಾಸನದ ಮೇಲೆ ರಸ್ತೆ ಹಿಡಿದರೆ ಬೆಂಗಳೂರಿಗೆ ಸುಮಾರು ೩೫೦ ಕಿ.ಮೀ. ಜೆಟ್ ವಿಮಾನದ ವೇಗ ಗಂಟೆಗೆ ೮೦೦ ಕಿ.ಮೀ. ಹಾಗಿದ್ದರೆ ೨೫ ನಿಮಿಷ ಸಾಕಲ್ಲ? ಸಾಲದು ಸ್ವಾಮೀ! ಇಷ್ಟು ಗಿಡ್ಡ ದಾರಿಯಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತು. ರನ್‌ವೇವರೆಗಿನ ಓಡಾಟವೂ ಸೇರಿ ಟಿಕೆಟಿನಲ್ಲಿ ಒಂದು ಗಂಟೆ ಚಿಲ್ಲರೆ.

ಇನ್ನು ನೆಲದ ಲೆಕ್ಕ. ಪೇಟೆಯಿಂದ ಬಜ್ಪೆ ಗುಡ್ಡ ಹತ್ತಲು ಮುಕ್ಕಾಲು ಗಂಟೆ. ಕೌಂಟರು ಒಂದು ಗಂಟೆ ಮೊದಲೇ ಬಾಗಿಲು ಹಾಕುವುದರಿಂದ, ತಪಾಸಣೆ ಸಾಲೂ ಸೇರಿ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಇಳಿದ ಮೇಲೆ ಪೆಟ್ಟಿಗೆ ಕಾಯಲು ಅರ್ಧ ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ೩೫ ಕಿ.ಮೀ.; ಬೆಂಗಳೂರಿನ ಟ್ರಾಫಿಕ್ಕಿಗೆ ಕೈಮುಗಿದು ಒಂದೂವರೆ ಗಂಟೆ ಹಿಡಿಯಿರಿ. ಒಟ್ಟು ಐದು ಗಂಟೆ ದಾಟಿತು! ಬಸ್ಸಿಗೆ ಎಂಟು ಗಂಟೆ, ಆದರೆ ಅದು ನಿದ್ದೆಯಲ್ಲೇ ಕಳೆಯುತ್ತದೆ. ಬೆಳಿಗ್ಗೆ ಮೆಜೆಸ್ಟಿಕ್, ಮರುರಾತ್ರಿ ವಾಪಸ್. ಲಾಡ್ಜಿನ ಖರ್ಚೂ ಇಲ್ಲ.

ಬಜ್ಪೆ ನಿಲ್ದಾಣ ಶುರುವಾದದ್ದು ೧೯೫೧ರ ಡಿಸೆಂಬರ್ ೨೫ರಂದು. ನೆಹರೂ ಅವರು ಡಕೋಟಾದಲ್ಲಿ ಬಂದಿಳಿದಿದ್ದರು. ಗಂಟೆಗೆ ಹೆಚ್ಚುಕಡಿಮೆ ೩೦೦ ಕಿ.ಮೀ. ಹಾರುತ್ತಿದ್ದ ಆ ವಿಮಾನಕ್ಕೂ ಈ ದಾರಿ ಒಂದು ಗಂಟೆಯ ಆಚೀಚೆಯದೇ. ವಿಮಾನದ ವೇಗ ಎರಡು ಪಟ್ಟು ಮೀರಿ ಏರಿತು. ಆದರೆ ೨೦೦೮ರ ಮೇನಲ್ಲಿ ಬೆಂಗಳೂರಿನ ವಿಮಾನಗಳು ಊರೊಳಗಿನ ಎಚ್.ಎ.ಎಲ್. ಬಿಟ್ಟು ದೇವನಹಳ್ಳಿಗೆ ಹೋದವು. ಮೇಲೆ ಉಳಿಸಿದ್ದು ಕೆಳಗೆ ಸೋರಿತು.

ಹಾಗಂತ ವಿಮಾನ ದಂಡವೇ? ಅಲ್ಲ. ಅದೇ ವ್ಯಾಪಾರಿಯ ತಾಯಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರು ಹಿಂದೆಮುಂದೆ ನೋಡದೆ ವಿಮಾನ ಹತ್ತಿದ್ದರು. "ಆ ಮೂರು ಗಂಟೆಗೆ ರೇಟು ಕಟ್ಲಿಕ್ಕಾಗ್ತದಾ? ಅಮ್ಮನ ಹತ್ರ ಮಾತಾಡ್ಲಿಕ್ಕೆ ಸಿಕ್ಕಿತು," ಎಂದರು. ಮುಂದೆ ಏನೂ ಹೇಳಲಿಲ್ಲ.

ಮಳೆಗಾಲದಲ್ಲಿ ಈ ಲೆಕ್ಕವೂ ಅಡಿಮೇಲು. ೨೦೧೮ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಶಿರಾಡಿ ರಸ್ತೆ ಬಂದ್ ಆಯಿತು, ಘಟ್ಟದ ರೈಲೂ ನಿಂತಿತು. ಮಂಜು ಮುಸುಕಿದರೆ ಬಜ್ಪೆಗೆ ಬಂದ ವಿಮಾನವೂ ಬೇರೆ ಊರಿನ ದಾರಿ ಹಿಡಿಯುವುದುಂಟು.

ವಿಮಾನ ಅವಸರಕ್ಕೆ, ದಿನನಿತ್ಯಕ್ಕೆ ಘಟ್ಟದ ರಸ್ತೆಯೇ ಗತಿ. ವಿಮಾನದಲ್ಲಿ ಬಂದುಹೋಗುವ ಮಂತ್ರಿ ಮಹೋದಯರು ಒಂದು ಜುಲೈ ರಾತ್ರಿ ನಮ್ಮ ಜೊತೆ ಬಸ್ಸಿನಲ್ಲಿ ಶಿರಾಡಿ ಇಳಿಯಲಿ. ಕಿಟಕಿ ಪಕ್ಕದ ಸೀಟು ಅವರಿಗೇ ಬಿಟ್ಟುಕೊಡುತ್ತೇವೆ!