‘ನೆಟ್‌ವರ್ಕ್ ಇಲ್ಲದಿದ್ದರೂ ಮಾತಾಡಿ, ಲೈಸೆನ್ಸ್ ಬೇಡ’: ಹ್ಯಾಮ್ ರೇಡಿಯೊ ಸಂದೇಶದಲ್ಲಿ ನಿಜವೆಷ್ಟು?

ಮಳೆಗಾಲದಲ್ಲಿ ಎಲ್ಲಾದರೂ ಗುಡ್ಡ ಕುಸಿದು ಮೊಬೈಲ್ ಸಿಗ್ನಲ್ ಹೋದ ಸುದ್ದಿ ಬಂತೆಂದರೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ಕೈಯಲ್ಲಿ ಹಿಡಿಯುವ ಪುಟ್ಟ ವಾಕಿಟಾಕಿಯ ಚಿತ್ರ, ಅದರ ಕೆಳಗೆ ಖರೀದಿಯ ಲಿಂಕ್. ಜೊತೆಗೆ ‘ಇದು ಹ್ಯಾಮ್ ರೇಡಿಯೊ. ಸಿಮ್ ಬೇಡ, ಟವರ್ ಬೇಡ, ಲೈಸೆನ್ಸ್ ಬೇಡ. ನೂರಾರು ಕಿಲೋಮೀಟರ್ ದೂರ ಮಾತಾಡಬಹುದು. ಮನೆಗೊಂದು ಇರಲಿ’ ಎಂಬ ಧಾಟಿಯ ಸಲಹೆ.

ಇದರಲ್ಲಿ ಸಿಮ್ ಮತ್ತು ಟವರ್ ಬೇಡ ಎಂಬುದು ನಿಜ. ಉಳಿದದ್ದನ್ನು ನಂಬಿದರೆ ನಮ್ಮ ದುಡ್ಡು ಹೋಗುವುದಷ್ಟೇ ಅಲ್ಲ, ನಿಜವಾಗಿ ಅಪಾಯದಲ್ಲಿರುವವರ ಕೂಗು ಯಾರಿಗೂ ಕೇಳಿಸದೆ ಹೋಗಬಹುದು. ಒಂದೊಂದಾಗಿ ನೋಡೋಣ.

ಹ್ಯಾಮ್ ರೇಡಿಯೊ ಎಂದರೇನು?

ಹಣ ಗಳಿಸುವ ಉದ್ದೇಶವಿಲ್ಲದೆ, ಆಸಕ್ತಿಗಾಗಿ ರೇಡಿಯೊ ತರಂಗಗಳ ಮೂಲಕ ಮಾತಾಡುವ, ಪ್ರಯೋಗ ಮಾಡುವ ಹವ್ಯಾಸವೇ ಹ್ಯಾಮ್ ರೇಡಿಯೊ. ಇದನ್ನು ಹವ್ಯಾಸಿ ರೇಡಿಯೊ ಎಂದೂ ಕರೆಯುತ್ತಾರೆ. ಆಕಾಶವಾಣಿಯನ್ನು ನಾವು ಕೇಳಬಹುದಷ್ಟೇ. ಹ್ಯಾಮ್‌ಗಳು ಕೇಳುತ್ತಾರೆ, ಮಾತನ್ನೂ ಆಡುತ್ತಾರೆ. ಪ್ರತಿಯೊಬ್ಬರಿಗೂ ಸರ್ಕಾರ ಕೊಟ್ಟ ಕರೆಸಂಕೇತವಿರುತ್ತದೆ. ಗಾಳಿಯಲ್ಲಿ ಅದೇ ಅವರ ವಿಳಾಸ. ಭಾರತದ ಕರೆಸಂಕೇತಗಳು ಸಾಮಾನ್ಯವಾಗಿ ‘ವಿಯು’ ಎಂದು ಶುರುವಾಗುತ್ತವೆ. ಮಾಜಿ ಪ್ರಧಾನಿ ರಾಜೀವ್ ಗಾಂಧಿ ಅವರೂ ಹ್ಯಾಮ್ ಆಗಿದ್ದರು. ಅವರ ಸಂಕೇತ ವಿಯು2ಆರ್‌ಜಿ.

‘ಹ್ಯಾಮ್’ ಎಂಬ ಹೆಸರಿನ ಬಗ್ಗೆಯೂ ಒಂದು ಫಾರ್ವರ್ಡ್ ಇದೆ. ಹರ್ಟ್ಸ್, ಆರ್ಮ್‌ಸ್ಟ್ರಾಂಗ್, ಮಾರ್ಕೋನಿ ಎಂಬ ಮೂವರು ವಿಜ್ಞಾನಿಗಳ ಹೆಸರಿನ ಮೊದಲ ಅಕ್ಷರಗಳಿಂದ ಅದು ಬಂತು ಎಂದು. ಇದು ಸರಿಯಲ್ಲ. ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರಲ್ಲಿ. ಅವರು ಹೆಸರು ಮಾಡುವ ಮೊದಲೇ ಅಮೆರಿಕದ ತಂತಿ ಕಚೇರಿಗಳಲ್ಲಿ ಕೆಲಸ ಸರಿಯಾಗಿ ಬಾರದವರನ್ನು ‘ಹ್ಯಾಮ್’ ಎಂದು ಅಣಕಿಸುವ ರೂಢಿಯಿತ್ತು. ಆ ಅಣಕದ ಹೆಸರನ್ನೇ ಹವ್ಯಾಸಿಗಳು ಮುಂದೆ ಖುಷಿಯಿಂದ ತಮ್ಮದಾಗಿಸಿಕೊಂಡರು.

ಹೇಳಿಕೆ 1: ‘ಟವರ್ ಬಿದ್ದರೂ ಇದು ಕೆಲಸ ಮಾಡುತ್ತದೆ’

ಇದು ನಿಜ. ಪಕ್ಕದ ಮನೆಗೆ ಫೋನ್ ಮಾಡಿದರೂ ನಮ್ಮ ಮಾತು ಟವರ್‌ಗೆ ಹೋಗಿ, ಕಂಪನಿಯ ಜಾಲದಲ್ಲಿ ಸುತ್ತಿ ಬರಬೇಕು. ಕರೆಂಟು ಹೋಗಿ ಟವರ್‌ನ ಬ್ಯಾಟರಿ ಮುಗಿದರೆ ಅಥವಾ ಭೂಕುಸಿತದಲ್ಲಿ ಕೇಬಲ್ ತುಂಡಾದರೆ ಫೋನ್ ಮೂಕವಾಗುತ್ತದೆ. ಹ್ಯಾಮ್ ರೇಡಿಯೊದಲ್ಲಿ ಒಂದು ಸೆಟ್‌ನ ತರಂಗ ನೇರವಾಗಿ ಇನ್ನೊಂದು ಸೆಟ್‌ಗೆ ತಲುಪುತ್ತದೆ. ಒಂದು ಕಾರಿನ ಬ್ಯಾಟರಿ, ಎರಡು ಮರಗಳ ನಡುವೆ ಕಟ್ಟಿದ ತಂತಿ ಇದ್ದರೂ ನಡೆಯುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ 2004ರ ಸುನಾಮಿ. ಆ ಡಿಸೆಂಬರ್‌ನಲ್ಲಿ ಹೈದರಾಬಾದ್‌ನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡವೊಂದು ವಿಶೇಷ ಅನುಮತಿ ಪಡೆದು ಅಂಡಮಾನ್‌ಗೆ ಹೋಗಿತ್ತು. ಜಗತ್ತಿನ ಹ್ಯಾಮ್‌ಗಳಿಗೆ ಬಹಳ ವರ್ಷಗಳಿಂದ ಸಿಗದಿದ್ದ ಆ ದ್ವೀಪದಿಂದ ಮಾತಾಡುವುದಷ್ಟೇ ಅವರ ಉದ್ದೇಶ. ತಂಡವನ್ನು ಮುನ್ನಡೆಸಿದ್ದವರು ಭಾರತಿ ಪ್ರಸಾದ್. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು, ನಂತರ ಸಮುದ್ರ ಉಕ್ಕಿತು. ಸಾಮಾನ್ಯ ಸಂಪರ್ಕ ಕಡಿದುಹೋದಾಗ, ಹವ್ಯಾಸಕ್ಕೆಂದು ಒಯ್ದಿದ್ದ ಅದೇ ಸೆಟ್‌ಗಳು ದ್ವೀಪ ಮತ್ತು ಮುಖ್ಯಭೂಮಿಯ ನಡುವೆ ಸುದ್ದಿ ಸಾಗಿಸಿದವು. ‘ನಮ್ಮವರು ಬದುಕಿದ್ದಾರಾ’ ಎಂದು ಕಾಯುತ್ತಿದ್ದ ಎಷ್ಟೋ ಮನೆಗಳಿಗೆ ಉತ್ತರ ಸಿಕ್ಕಿದ್ದು ಹೀಗೆ.

ಆದರೆ ಗಮನಿಸಿ: ಅಲ್ಲಿ ಕೆಲಸ ಮಾಡಿದ್ದು ಬರೀ ಸೆಟ್ ಅಲ್ಲ, ಅದನ್ನು ಬಳಸಬಲ್ಲ ಜನ.

ಹೇಳಿಕೆ 2: ‘ನೂರಾರು ಕಿಲೋಮೀಟರ್ ಮಾತಾಡಬಹುದು’

ಕೈಯಲ್ಲಿ ಹಿಡಿಯುವ ಸೆಟ್‌ಗೆ ಈ ಮಾತು ಹೊಂದುವುದಿಲ್ಲ. ಅದರ ತರಂಗಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರ ಸಾಗುತ್ತವೆ. ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಎರಡು ಸೆಟ್‌ಗಳ ನಡುವೆ 10 ಕಿಲೋಮೀಟರ್ ದಾಟಿದರೆ, ಬಟ್ಟಬಯಲಿನಲ್ಲೂ ಭೂಮಿಯ ಬಾಗು ಅಡ್ಡ ಬರುತ್ತದೆ. ಪೇಟೆಯ ಕಟ್ಟಡ, ಮಲೆನಾಡಿನ ಗುಡ್ಡ, ದಟ್ಟ ಮರಗಳ ನಡುವೆ ಆ ದೂರ ಇನ್ನೂ ಕುಗ್ಗುತ್ತದೆ. ಹೆಚ್ಚು ದೂರ ಬೇಕಿದ್ದರೆ ಬೆಟ್ಟದ ಮೇಲೆ ‘ರಿಪೀಟರ್’ ಇರಬೇಕು. ಇದು ಒಂದು ಕಡೆಯಿಂದ ಬಂದ ಮಾತನ್ನು ಹಿಡಿದು, ಆ ಎತ್ತರದಿಂದ ಮತ್ತೆ ಬಿತ್ತರಿಸುವ ಯಂತ್ರ.

ಸಾವಿರಾರು ಕಿಲೋಮೀಟರ್ ಮಾತಾಡುವ ಹ್ಯಾಮ್‌ಗಳು ಬಳಸುವುದು ಬೇರೆಯೇ ತರಂಗ, ಅಂದರೆ ಶಾರ್ಟ್‌ವೇವ್. ಇದು ಮೇಲಕ್ಕೆ ಹೋಗಿ ಅಯಾನುಗೋಳ ಎಂಬ ವಾತಾವರಣದ ಪದರದಲ್ಲಿ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಬೆಂಗಳೂರಿನಿಂದ ಸುಮಾರು 1650 ಕಿಲೋಮೀಟರ್ ದೂರದ ಪೋರ್ಟ್‌ಬ್ಲೇರ್‌ಗೆ ಮಾತು ಮುಟ್ಟುವುದು ಹೀಗೆ. ಹಗಲೋ ರಾತ್ರಿಯೋ, ಸೂರ್ಯನ ಸ್ಥಿತಿ ಹೇಗಿದೆ ಎಂಬುದರ ಮೇಲೆ ಆ ಪದರ ಬದಲಾಗುತ್ತದೆ. ಯಾವ ಹೊತ್ತಿಗೆ ಯಾವ ತರಂಗ ಎಲ್ಲಿ ತಲುಪುತ್ತದೆ ಎಂಬುದು ಕಲಿತವರಿಗಷ್ಟೇ ಗೊತ್ತು.

ಹೇಳಿಕೆ 3: ‘ಲೈಸೆನ್ಸ್ ಬೇಡ’

ಇದು ಸುಳ್ಳು. ಭಾರತದಲ್ಲಿ ಹ್ಯಾಮ್ ರೇಡಿಯೊ ಬಳಸಲು ಪರೀಕ್ಷೆ ಪಾಸಾಗಿ ದೂರಸಂಪರ್ಕ ಇಲಾಖೆಯಿಂದ ಲೈಸೆನ್ಸ್ ಪಡೆಯಬೇಕು. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಮಾತ್ರ ಕೆಲಸ ಮಾಡುವ ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ 2018ರ ನಿಯಮದಂತೆ ಲೈಸೆನ್ಸ್ ವಿನಾಯಿತಿ ಇದೆ. ಆದರೆ ಅವು ಹ್ಯಾಮ್ ರೇಡಿಯೊ ಅಲ್ಲ. ಈ ವ್ಯತ್ಯಾಸವನ್ನು ತಿಳಿಸದೆ ಆನ್‌ಲೈನ್‌ನಲ್ಲಿ ವಾಕಿಟಾಕಿ ಮಾರುತ್ತಿದ್ದುದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತು.

‘ಯಾರ ಜೀವವೋ ಉಳಿಯುವಾಗ ಲೈಸೆನ್ಸ್ ಯಾಕೆ’ ಎಂದು ಕೇಳಬಹುದು. ಉತ್ತರ ತಂತ್ರಜ್ಞಾನದಲ್ಲೇ ಇದೆ. ಅಗ್ಗದ ಸೆಟ್‌ಗಳಲ್ಲಿ ಹಲವು 136ರಿಂದ 174 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಮಾತು ಕಳಿಸಬಲ್ಲವು. ಇದರೊಳಗೆ ನಮ್ಮ ದೇಶದ ಹ್ಯಾಮ್‌ಗಳಿಗೆ ಕೊಟ್ಟಿರುವುದು 144ರಿಂದ 146ರವರೆಗೆ ಮಾತ್ರ. ಉಳಿದದ್ದು ಬೇರೆಬೇರೆ ಸೇವೆಗಳದ್ದು. ಉದಾಹರಣೆಗೆ, ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕ ಹಡಗು, ದೋಣಿಗಳು ಸಹಾಯ ಕೇಳುವ 16ನೇ ಚಾನೆಲ್ ಇರುವುದು 156.8 ಮೆಗಾಹರ್ಟ್ಸ್‌ನಲ್ಲಿ. ಮಲ್ಪೆಯಲ್ಲೋ ಕಾರವಾರದಲ್ಲೋ ಯಾರಾದರೂ ತಮಾಷೆಗೆ ಅಲ್ಲಿ ಬಟನ್ ಒತ್ತಿ ಹಿಡಿದರೆ ಏನಾದೀತು? ಇಂಥ ರೇಡಿಯೊಗಳಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಕೇಳುವವರ ಸೆಟ್ ಬಲವಾದ ಸಿಗ್ನಲ್ಲನ್ನು ಹಿಡಿದು ದುರ್ಬಲವಾದದ್ದನ್ನು ಬಿಟ್ಟುಬಿಡುತ್ತದೆ. ದೂರದ ದೋಣಿಯ ಕ್ಷೀಣ ಕೂಗು ಸುಮ್ಮನೆ ಅಳಿಸಿಹೋಗುತ್ತದೆ. ಕೂಗಿದವರಿಗೂ ತಮ್ಮ ಮಾತು ತಲುಪಿಲ್ಲವೆಂದು ಗೊತ್ತಾಗುವುದಿಲ್ಲ.

ಹ್ಯಾಮ್‌ಗಳು ಮೊದಲು ಕಲಿಯುವ ಪಾಠ ಇದೇ: ಮೊದಲು ಕೇಳು, ಆಮೇಲೆ ಮಾತಾಡು. ತುರ್ತು ಹೊತ್ತಿನಲ್ಲಿ ಒಂದು ನಿಲ್ದಾಣ ಮೇಲ್ವಿಚಾರಣೆ ವಹಿಸುತ್ತದೆ. ಅದು ಕರೆದವರು ಮಾತ್ರ ಮಾತಾಡುತ್ತಾರೆ. ಹೆಸರು, ಊರು, ಸಂಖ್ಯೆಗಳನ್ನು ಕೇಳಿಸಿಕೊಂಡವರು ಮತ್ತೆ ಓದಿ ಖಚಿತಪಡಿಸುತ್ತಾರೆ.

ಹೇಳಿಕೆ 4: ‘ಯಾರಿಗೂ ಕೇಳಿಸದ ಗುಟ್ಟಿನ ಮಾತು’

ತದ್ವಿರುದ್ಧ. ಹ್ಯಾಮ್ ರೇಡಿಯೊದಲ್ಲಿ ಆಡಿದ್ದು ಆ ತರಂಗಕ್ಕೆ ಸೆಟ್ ತಿರುಗಿಸಿದ ಎಲ್ಲರಿಗೂ ಕೇಳುತ್ತದೆ. ಗುಪ್ತಭಾಷೆಯಲ್ಲಿ ಮಾತಾಡಲು, ವ್ಯಾಪಾರಕ್ಕೆ ಬಳಸಲು ಅನುಮತಿ ಇಲ್ಲ.

‘ಫೋನನ್ನೇ ವಾಕಿಟಾಕಿ ಮಾಡುವ’ ಆ್ಯಪ್‌ಗಳ ಬಗ್ಗೆಯೂ ಒಂದು ಮಾತು. ದೂರದವರೊಂದಿಗೆ ಮಾತಾಡಿಸುವ ಇಂಥ ಆ್ಯಪ್‌ಗಳು ನಡೆಯುವುದು ಇಂಟರ್‌ನೆಟ್‌ನಲ್ಲಿ. ನೆಟ್‌ವರ್ಕ್ ಹೋದಾಗ ಅವೂ ಹೋಗುತ್ತವೆ.

ಆಸಕ್ತಿ ಇದ್ದರೆ ಏನು ಮಾಡಬೇಕು?

12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ಇಂಜಿನಿಯರಿಂಗ್ ಓದಿರಬೇಕೆಂದಿಲ್ಲ. ರೇಡಿಯೊದ ಮೂಲ ತತ್ವಗಳು ಮತ್ತು ನಿಯಮಗಳ ಮೇಲೆ ಪ್ರಶ್ನೆಗಳಿರುತ್ತವೆ. ಅರ್ಜಿಯನ್ನು ದೂರಸಂಪರ್ಕ ಇಲಾಖೆಯ ‘ಸರಳ್ ಸಂಚಾರ್’ ಜಾಲತಾಣದಲ್ಲಿ ಹಾಕಬಹುದು.

ಅದಕ್ಕೂ ಮೊದಲು ಇದು ಹೇಗಿರುತ್ತದೆಂದು ಕೇಳಿ ನೋಡಬೇಕೇ? ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ‘ವೆಬ್‌ಎಸ್‌ಡಿಆರ್’ ಎಂಬ ರೇಡಿಯೊವನ್ನು ಇಂಟರ್‌ನೆಟ್ ಮೂಲಕ ನಿಮ್ಮ ಫೋನಿನಲ್ಲೇ ತಿರುಗಿಸಿ, ಅಲ್ಲಿಗೆ ತಲುಪುವ ಹ್ಯಾಮ್‌ಗಳ ಮಾತು ಕೇಳಬಹುದು. ಮಾತಿನ ಕೊನೆಗೆ ‘73’ ಎಂದರೆ ‘ಶುಭಾಶಯಗಳು’ ಎಂದರ್ಥ.

ಈ ಹವ್ಯಾಸಕ್ಕೂ ಬೆಂಗಳೂರಿಗೂ ಹತ್ತಿರದ ನಂಟಿದೆ. ಹ್ಯಾಮ್‌ಗಳಿಗಾಗಿಯೇ ಇಸ್ರೊ ರೂಪಿಸಿದ 42.5 ಕಿಲೋ ತೂಕದ ‘ಹ್ಯಾಮ್‌ಸ್ಯಾಟ್’ ಉಪಗ್ರಹ 2005ರ ಮೇ 5ರಂದು ಹಾರಿ, 2014ರವರೆಗೆ ಕೆಲಸ ಮಾಡಿತು. 2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ವಿದ್ಯಾರ್ಥಿಗಳೊಂದಿಗೆ ಮಾತಾಡಿದ್ದೂ ಹ್ಯಾಮ್ ರೇಡಿಯೊ ಮೂಲಕವೇ.

ಫಾರ್ವರ್ಡ್ ಮಾಡುವ ಮುನ್ನ

ಅಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಇಷ್ಟು ನೆನಪಿಡಿ. ಟವರ್ ಬೇಡ ಎಂಬುದು ನಿಜ. ಲೈಸೆನ್ಸ್ ಬೇಡ, ಕೈಸೆಟ್‌ನಲ್ಲಿ ನೂರಾರು ಕಿಲೋಮೀಟರ್ ಮಾತಾಡಬಹುದು ಎಂಬುದು ನಿಜವಲ್ಲ. ನೆರೆ, ಭೂಕುಸಿತದ ಭಯವಿರುವ ಊರಿನವರು ಫೋನ್ ಮತ್ತು ಪವರ್‌ಬ್ಯಾಂಕ್ ಚಾರ್ಜ್ ಮಾಡಿಟ್ಟುಕೊಳ್ಳಿ. ಸುದ್ದಿ ಕೇಳಲು ಬ್ಯಾಟರಿಯ ಸಣ್ಣ ರೇಡಿಯೊ ಇರಲಿ. ಕರೆ ಹೋಗದಿದ್ದಾಗ ಎಸ್‌ಎಂಎಸ್ ಪ್ರಯತ್ನಿಸಿ. ತುರ್ತಿಗೆ 112ಕ್ಕೆ ಕರೆ ಮಾಡಿ. ಊರಿನ ಒಂದಿಬ್ಬರು ಹ್ಯಾಮ್ ಪರೀಕ್ಷೆ ಬರೆದು ಲೈಸೆನ್ಸ್ ಪಡೆದರಂತೂ ಇನ್ನೂ ಒಳ್ಳೆಯದು. ಬಳಸಲು ಬಾರದ ಸೆಟ್ ಮನೆಮನೆಯಲ್ಲಿ ಇರುವುದಕ್ಕಿಂತ, ಬಳಸಲು ಬಲ್ಲ ಒಬ್ಬರು ಊರಿಗಿದ್ದರೆ ಕಷ್ಟಕಾಲದಲ್ಲಿ ಆಗುವ ಉಪಕಾರ ದೊಡ್ಡದು.