ಒಮ್ಮೆ ‘ನಾಸ್ತಿಕ’ರೆನಿಸಿಕೊಂಡವರು ನಾವೇ

ಮಹಾಲಕ್ಷ್ಮಿ ಲೇಔಟಿನ ಮನೆಯೊಂದರಲ್ಲಿ ಸಂಜೆಯ ಜಪಸರ ಮುಗಿದಾಗ ನಾವು ಕಣ್ಣಾರೆ ಕಂಡ ಪ್ರಸಂಗವಿದು. ಇಂಜಿನಿಯರಿಂಗ್ ಓದುತ್ತಿರುವ ಮಗ, ಭಾನುವಾರದ ಬಲಿಪೂಜೆಗೆ ಇನ್ನು ಬರಲಾರೆನೆಂದ. ‘ನಾನು ಏಥಿಯಿಸ್ಟ್ ಅಮ್ಮಾ’ ಎಂದ. ತಾಯಿ ಕಣ್ಣೀರಿಟ್ಟರು. ‘ನಾಸ್ತಿಕನಿಗೆ ಈ ಮನೆಯಲ್ಲಿ ಅನ್ನವಿಲ್ಲ’ ಎಂದು ತಂದೆ ಗುಡುಗಿದರು. ಹುಡುಗ ಎದ್ದು ಹೊರನಡೆದ.

ಮಗನನ್ನು ಮನೆಯಿಂದ ಹೊರದೂಡಿದ ಆ ಪದದ ಹುಟ್ಟನ್ನು ನಾವು ಅರಿಯುವುದೊಳಿತು. ಗ್ರೀಕ್ ಭಾಷೆಯಲ್ಲಿ ‘ಥಿಯೋಸ್’ ಎಂದರೆ ದೇವರು. ಅದರ ಹಿಂದಿನ ‘ಅ’ಕಾರ ಸಂಸ್ಕೃತದಲ್ಲಿರುವಂತೆಯೇ ನಿಷೇಧಸೂಚಕ. ‘ಅಥಿಯೋಸ್’ ಎಂದರೆ ದೇವರಿಲ್ಲದವನು. ಸಂತ ಪೌಲರ ಹೆಸರಿನಲ್ಲಿರುವ ಎಫೆಸದವರ ಪತ್ರದ 2ನೆಯ ಅಧ್ಯಾಯದಲ್ಲಿ ಈ ಪದವಿದೆ. 16ನೆಯ ಶತಮಾನದಲ್ಲಿ ಅದು ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ‘ಏಥಿಯಿಸ್ಟ್’ ಆಯಿತು.

ಆದರೆ ರೋಮ್ ಸಾಮ್ರಾಜ್ಯದಲ್ಲಿ ಈ ಬೈಗುಳ ತಗುಲಿದ್ದು ಕ್ರೈಸ್ತರಿಗೆ! ಅಲ್ಲಿನ ದೇವತೆಗಳಿಗೆ ಅವರು ಧೂಪವನ್ನರ್ಪಿಸಲಿಲ್ಲವೆಂಬುದೇ ಅಪರಾಧ. ಸುಮಾರು ಕ್ರಿ.ಶ. 155ರಲ್ಲಿ ಸ್ಮಿರ್ನಾದ ವೃದ್ಧ ಧರ್ಮಾಧ್ಯಕ್ಷ ಸಂತ ಪಾಲಿಕಾರ್ಪರು ಹುತಾತ್ಮರಾದಾಗ ಜನಸ್ತೋಮ ಕೂಗಿದ್ದು ಇದೇ ಪದವನ್ನು. ಸುಳ್ಳುದೇವರುಗಳ ಮಟ್ಟಿಗೆ ತಾವು ನಾಸ್ತಿಕರೇ ಹೌದೆಂದು ಸಂತ ಜಸ್ಟಿನರು ಅದೇ ಶತಮಾನದಲ್ಲಿ ಒಪ್ಪಿ ಬರೆದರು.

ನಮ್ಮ ‘ನಾಸ್ತಿಕ’ ಪದದ ಕಥೆಯೂ ಬೇರೆಯಲ್ಲ. ವೇದವನ್ನು ನಿಂದಿಸುವವನೇ ನಾಸ್ತಿಕನೆಂದಿತು ಮನುಸ್ಮೃತಿ. ವೇದಪ್ರಾಮಾಣ್ಯವನ್ನೊಪ್ಪದ ಜೈನ, ಬೌದ್ಧ ದರ್ಶನಗಳು ಆ ಸಾಲಿಗೆ ಸೇರಿದವು. ಆ ಅಳತೆಯಲ್ಲಿ ಕನ್ನಡದ ಆದಿಕವಿ ಪಂಪನ ಜಿನಧರ್ಮವೂ ನಾಸ್ತಿಕವೇ! 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡ ಪರಿಶೀಲನಾ ಸಮಿತಿಯನ್ನು ರಚಿಸಿದ ಎಚ್. ನರಸಿಂಹಯ್ಯನವರು (1920–2005) ಖಾದಿಯುಟ್ಟು, ಹಾಸ್ಟೆಲಿನ ಕೋಣೆಯಲ್ಲೇ ಸರಳವಾಗಿ ಬಾಳಿದವರು. ಪ್ರಶ್ನಿಸುವವನು ಶೀಲಗೆಟ್ಟವನಾಗಬೇಕಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ತನ್ನ ದಸ್ತಾವೇಜಿನಲ್ಲಿ ನಾಸ್ತಿಕತೆಯನ್ನು ಒಪ್ಪಲಿಲ್ಲ, ನಿಜ. ಆದರೆ ಅದರ ಹುಟ್ಟಿಗೆ ವಿಶ್ವಾಸಿಗಳ ಬಾಳಿನ ಲೋಪಗಳೂ ಕಾರಣವಾಗಬಲ್ಲವೆಂದು ಒಪ್ಪಿಕೊಂಡಿತು. ನಾಸ್ತಿಕರೊಡನೆ ಸಂವಾದ ನಡೆಸಬೇಕೆಂದೂ ಬಯಸಿತು.

ನಾವು ಇಷ್ಟನ್ನೂ ಆ ತಂದೆಗೆ ಹೇಳಿದೆವು. ಬಹಳ ಹೊತ್ತು ಅವರು ಮಾತನಾಡಲಿಲ್ಲ. ಕೊನೆಗೆ ಚಪ್ಪಲಿ ಮೆಟ್ಟಿ, ಬೀದಿ ತಿರುವಿನಲ್ಲಿ ನಿಂತಿದ್ದ ಮಗನ ಬಳಿಗೆ ಹೋಗಿ ‘ಬಾ, ಊಟಕ್ಕೆ ತಡವಾಯಿತು’ ಎಂದರು. ಹುಡುಗ ಬಲಿಪೂಜೆಗೆ ಇನ್ನೂ ಬಂದಿಲ್ಲ. ಆದರೆ ಅಪ್ಪ ಮಗನ ನಡುವೆ ಮಾತು ನಿಂತಿಲ್ಲ. ತಪ್ಪಿಹೋದ ಮಗನನ್ನು ದೂರದಿಂದಲೇ ಕಂಡು ಓಡಿದ ತಂದೆಯ ಸಾಮತಿಯನ್ನು ಕೇಳಿ ಬೆಳೆದ ನಮಗೆ, ಪ್ರಿಯ ಓದುಗರೇ, ಇದಕ್ಕಿಂತ ಬೇರೆ ದಾರಿಯುಂಟೆ?