‘ಶೋಲೆ’ ರಾಮನಗರ ಹುಡುಕಿ ಖಾನಾಪುರ ದಾಟಿದೆ!

ಬೆಳಗಾವಿಯಿಂದ ಗೋವಾಕ್ಕೆ ಹೋಗುವಾಗ ಖಾನಾಪುರ, ಲೋಂಡಾ ದಾಟಿದ ಮೇಲೆ ‘ರಾಮನಗರ’ ಅಂತ ಬೋರ್ಡ್ ಬರ್ತೈತಿ. ಸಣ್ಣವನಿದ್ದಾಗ ಅದನ್ನ ನೋಡಿ, “ಗಬ್ಬರ್ ಸಿಂಗ್ ಇದ್ದದ್ದು ಇಲ್ಲೇ” ಅಂತ ತಂಗಿಗೆ ಹೇಳಿದ್ದೆ. ಬಸ್ಸಿನ ಕಿಟಕಿಯಿಂದ ಎಷ್ಟು ಹುಡುಕಿದರೂ ದೊಡ್ಡ ಬಂಡೆ ಕಾಣಲಿಲ್ಲ. ಬರೀ ಕಾಡು!

‘ಶೋಲೆ’ ತೆಗೆದ ರಾಮನಗರ ಬೇರೆ. ಅದು ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸುಮಾರು 50 ಕಿ.ಮೀ. ದೂರ ಐತಿ.

ಅಲ್ಲಿಗೇ ಯಾಕೆ ಹೋದರು? ಆಗ ಡಕಾಯಿತರ ಸಿನಿಮಾ ಅಂದರೆ ಚಂಬಲ್ ಕಣಿವೆ. ನಿರ್ದೇಶಕ ರಮೇಶ್ ಸಿಪ್ಪಿ ಅವರಿಗೆ ಬೇರೆ ನೋಟ ಬೇಕಿತ್ತು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಈ ಬಂಡೆ ಬೆಟ್ಟಗಳನ್ನ ಹುಡುಕಿ ಕೊಟ್ಟರು. ಇಟಲಿಯ ಸೆರ್ಜಿಯೊ ಲಿಯೋನೆ ಅಮೆರಿಕದ ಕಥೆಗಳನ್ನ ಸ್ಪೇನ್‌ನ ಅಲ್ಮೇರಿಯಾದಲ್ಲಿ ತೆಗೆದಿದ್ದರಲ್ಲ, ಹಂಗೇ ಇದು. ನಮ್ಮ ರಾಮನಗರ ತೆರೆ ಮೇಲೆ ಉತ್ತರ ಭಾರತದ ರಾಮ್‌ಗಢ ಆಯ್ತು.

1973ರ ಅಕ್ಟೋಬರ್‌ನಲ್ಲಿ ಶೂಟಿಂಗ್ ಶುರು. ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಇಡೀ ಹಳ್ಳಿಯ ಸೆಟ್ ಹಾಕಿದರು. ರೈಲು ದರೋಡೆ ಮಾತ್ರ ಇಲ್ಲಿದಲ್ಲ, ಅದು ಮುಂಬೈ–ಪುಣೆ ಲೈನಿನಲ್ಲಿ, ಪನ್ವೇಲ್ ಹತ್ತಿರ ತೆಗೆದದ್ದು. ಸಿನಿಮಾ 1975ರ ಆಗಸ್ಟ್ 15ರಂದು ಬಿಡುಗಡೆ ಆಯ್ತು.

ಈಗ ಹೋದರೆ ಆ ಹಳ್ಳಿ ಇಲ್ಲ. ಬಂಡೆಗಳಿವೆ, ರಣಹದ್ದುಗಳಿವೆ. 2012ರಲ್ಲಿ ಸರ್ಕಾರ ಅದನ್ನ ರಣಹದ್ದು ಧಾಮ ಅಂತ ಘೋಷಿಸಿತು. ಅದಕ್ಕೇ ಅಲ್ಲಿ ಹೋಗಿ “ಕಿತ್ನೇ ಆದ್ಮಿ ಥೇ” ಅಂತ ಕೂಗಬ್ಯಾಡ್ರಿ. ಬಂಡೆ ಸಂದಿಯಲ್ಲಿ ಗೂಡು ಕಟ್ಟುವ ಹಕ್ಕಿಗಳು ಅವು.

ಮತ್ತೆ ನಮ್ಮ ಕಡೆಯ ರಾಮನಗರ? ಬಹಳ ದಿನ ಅದು ನನಗೆ ಬರೀ ‘ತಪ್ಪು ರಾಮನಗರ’ ಆಗಿತ್ತು. ಆಮೇಲೆ ಗೊತ್ತಾಯ್ತು: ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಸೂಪಾ ಊರೇ ನೀರಿನಾಗ ಮುಳುಗಿತು. ಅಲ್ಲಿಂದ ಎದ್ದು ಬಂದ ಎಷ್ಟೋ ಮನೆತನಗಳು ನೆಲೆ ನಿಂತದ್ದು ಜೋಯಿಡಾ ತಾಲ್ಲೂಕಿನ ಈ ರಾಮನಗರದಲ್ಲಿ.

ನೋಡ್ರಿ, ಒಂದು ರಾಮನಗರದಲ್ಲಿ ಸಿನಿಮಾಕ್ಕೆ ಊರು ಕಟ್ಟಿ, ಕೆಲಸ ಮುಗಿದ ಮೇಲೆ ಬಿಚ್ಚಿದರು. ಇನ್ನೊಂದರಲ್ಲಿ ಊರು ಕಳಕೊಂಡವರು ಮತ್ತೆ ಊರು ಕಟ್ಟಿಕೊಂಡರು. ಮೊದಲನೆಯದು ಎಲ್ಲರಿಗೂ ಗೊತ್ತು.

ಮುಂದಿನ ಸಲ ಗೋವಾಕ್ಕೆ ಹೊರಟಾಗ ಆ ಬೋರ್ಡ್ ಕಂಡರೆ ಗಾಡಿ ನಿಲ್ಲಿಸಿ ಒಂದು ಚಾ ಕುಡೀರಿ. ಯಾರಾದರೂ ಹಿರಿಯರು ಸಿಕ್ಕರೆ, ಸೂಪಾ ಹೆಂಗಿತ್ತು ಅಂತ ಕೇಳ್ರಿ. ಗಬ್ಬರ್ ಸಿಗಂಗಿಲ್ಲ, ಕಥೆ ಸಿಗ್ತೈತಿ.